ಎಣ್ಣೆ, ಉಣ್ಣೆ, ರೇಷ್ಮೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಮೂರು ಕಸುಬುಗಳ ಕಥೆ



ಇವತ್ತಿನ ಕಥೆ ಶುರುವಾಗೋದು ಒಂದು ಭಾನುವಾರ ಬೆಳಿಗ್ಗೆ. 2023ರ ಏಪ್ರಿಲ್ 2. ಜಾಗ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕು. ವಾಯುಪಡೆಯ ಒಂದು ಚಿನೂಕ್ ಹೆಲಿಕಾಪ್ಟರ್, ರೆಕ್ಕೆಯಿರೋ ಒಂದು ವಾಹನವನ್ನು ಕೆಳಗೆ ನೇತುಹಾಕಿಕೊಂಡು ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋಗಿ ಅದನ್ನು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ. ವಾಹನ ತಾನೇ ದಾರಿ ನೋಡಿಕೊಂಡು, ತಾನೇ ವೇಗ ಸರಿಮಾಡಿಕೊಂಡು, ರನ್‌ವೇ ಮೇಲೆ ಬಂದು ಇಳೀತು. ಇಸ್ರೋದ ಮರುಬಳಕೆ ಉಡಾವಣಾ ವಾಹನದ ಮೊದಲ ಇಳಿಕೆ ಪರೀಕ್ಷೆ ಅದು. ಮರುವರ್ಷ ಇನ್ನೆರಡು ಸಲ ಅದೇ ರನ್‌ವೇಯಲ್ಲಿ ಪರೀಕ್ಷೆ ನಡೀತು. ಆಗ ವಾಹನಕ್ಕೆ ‘ಪುಷ್ಪಕ್’ ಅನ್ನೋ ಹೆಸರೂ ಇತ್ತು.

ಆ ವಿಡಿಯೋ ನೀವೂ ನೋಡಿರ್ತೀರಿ. ನಾನೂ ನೋಡಿದೆ, ಹೆಮ್ಮೆಯಿಂದ ಫಾರ್ವರ್ಡ್ ಮಾಡಿದೆ. ಆಮೇಲೆ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಆ ರನ್‌ವೇ ಹಾಕೋದಕ್ಕೆ ಮುಂಚೆ ಆ ನೆಲ ಏನು ಮಾಡ್ತಿತ್ತು? ಸಾಮಾನ್ಯವಾಗಿ ಸಿಗೋ ಉತ್ತರ, “ಏನಿಲ್ಲ, ಬರಡು ಭೂಮಿ ಖಾಲಿ ಬಿದ್ದಿತ್ತು” ಅಂತ. ಈ ಎಪಿಸೋಡ್ ಆ ‘ಏನಿಲ್ಲ’ ಅನ್ನೋ ಮಾತಿನ ಬಗ್ಗೆ.

ಕಡ ತಂದ ಹೆಸರುಗಳು

ಮೊದಲು ಊರುಗಳ ಪರಿಚಯ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಎರಡೂ ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನ ತಾಲ್ಲೂಕುಗಳು. ಆಚೆಗೆ ಆಂಧ್ರ. ಬಳ್ಳಾರಿ ಕಡೆ ಹೋಗೋ ಹೆದ್ದಾರಿ ಚಳ್ಳಕೆರೆ ಮಧ್ಯದಲ್ಲೇ ಹಾದುಹೋಗುತ್ತೆ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳೋ ಜಾಗಗಳ ಪಟ್ಟಿ ಮಾಡಿದರೆ ಈ ಸೀಮೆ ಮೇಲಿನ ಸಾಲಲ್ಲೇ ಬರುತ್ತೆ.

ಒಂದು ತಮಾಷೆ ಗಮನಿಸಿ. ಈ ಊರುಗಳಿಗೆ ಬಿರುದುಗಳಿಗೆ ಬರ ಇಲ್ಲ. ಚಳ್ಳಕೆರೆಗೆ ‘ಎರಡನೇ ಬಾಂಬೆ’. ಮೊಳಕಾಲ್ಮುರಿಗೆ ‘ಕರ್ನಾಟಕದ ಕಂಚಿ’. ಈಚೆಗೆ ‘ಸೈನ್ಸ್ ಸಿಟಿ’. ಮೂರೂ ಬೇರೆ ಎಲ್ಲಿಂದಲೋ ಕಡ ತಂದ ಹೆಸರುಗಳು. ಬಾಂಬೆ ಥರ, ಕಂಚಿ ಥರ, ಇನ್ನೆಲ್ಲೋ ಇರೋ ಸೈನ್ಸ್ ಸಿಟಿ ಥರ. ಇವು ತಮ್ಮ ಥರ ಏನಾಗಿದ್ದವು ಅಂತ ಕೇಳೋರು ಕಡಿಮೆ. ನಾವು ಕೇಳೋಣ.

ಉಣ್ಣೆ: ಹುಲ್ಲೇ ಕಚ್ಚಾಮಾಲು

ರನ್‌ವೇ ಇರೋ ಆ ನೆಲಕ್ಕೆ ಒಂದು ಹೆಸರಿದೆ: ಅಮೃತ್ ಮಹಲ್ ಕಾವಲು. ಕಾವಲು ಅಂದ್ರೆ ಕಾದಿಟ್ಟ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು–ಬೆಣ್ಣೆ ಒದಗಿಸೋ ಇಲಾಖೆಗೆ ‘ಬೆಣ್ಣೆ ಚಾವಡಿ’ ಅಂತಿದ್ದರು. ಟಿಪ್ಪು ಅದಕ್ಕೆ ‘ಅಮೃತ್ ಮಹಲ್’ ಅಂತ ಹೆಸರಿಟ್ಟ. ಅಲ್ಲಿ ಸಾಕಿದ ಎತ್ತುಗಳು ಫಿರಂಗಿ ಎಳೀತಿದ್ದವು. ಆ ಕಾಲದ ಸೈನ್ಯಕ್ಕೆ ಇವತ್ತಿನ ಟ್ರಕ್ ಇದ್ದ ಹಾಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಈ ತಳಿಯನ್ನ ಬಿಡದೆ ಇಟ್ಟುಕೊಂಡರು. ಅಂದ್ರೆ ಈ ಹುಲ್ಲುಗಾವಲು ಆಗಲೇ ಒಂದು ರಕ್ಷಣಾ ಉದ್ಯಮ. ಡಿಆರ್‌ಡಿಒ ಬರೋಕೆ ಇನ್ನೂರು ವರ್ಷ ಮುಂಚೆ!

ದನಗಳ ಜೊತೆಗೇ ಇಲ್ಲಿ ಕುರಿ ಮೇದವು. ಡೆಕ್ಕನಿ ತಳಿಯ ಕರಿ ಕುರಿ. ಅದರ ಉಣ್ಣೆ ಒರಟು, ಚುಚ್ಚುತ್ತೆ. ಆದರೆ ಮಳೆ ತಡೆಯುತ್ತೆ, ಚಳಿ ತಡೆಯುತ್ತೆ, ಬೇಗ ಹರಿಯಲ್ಲ. ಚಳ್ಳಕೆರೆ ಕಂಬಳಿ ಹುಟ್ಟೋದು ಅಲ್ಲಿಂದ.

ಕಂಬಳಿ ಮಾಡೋ ಕೆಲಸ ಒಬ್ಬರದ್ದಲ್ಲ, ಇಡೀ ಮನೆಯದ್ದು. ಗಂಡಸರು ಉಣ್ಣೆ ಕತ್ತರಿಸ್ತಾರೆ. ಅದನ್ನ ಬಿಡಿಸಿ, ಹಿಂಜಿ, ನೂಲೋದು ಹೆಚ್ಚಾಗಿ ಹೆಂಗಸರು. ಹುಣಸೆ ಬೀಜ ಅರೆದು, ಕುದಿಸಿ, ಗಂಜಿ ಮಾಡಿ ನೂಲಿಗೆ ಹಚ್ತಾರೆ. ಗಂಜಿ ಕುಡಿದ ನೂಲು ಗಟ್ಟಿಯಾಗಿ ನಿಲ್ಲುತ್ತೆ. ಆಮೇಲೆ ಗುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯೋ ಮಗ್ಗ. ಕುರಿ ಊರಿನದ್ದು, ಹುಣಸೆ ಬೀಜ ಊರಿನದ್ದು, ಮಗ್ಗದ ಮರ ಊರಿನದ್ದು. ಪೇಟೆಯಿಂದ ಕೊಳ್ಳಬೇಕಾದ್ದು ಬಹಳ ಕಮ್ಮಿ. ಕುರುಬ ಸಮುದಾಯ ತಲೆಮಾರುಗಳಿಂದ ಕಟ್ಟಿದ ಉದ್ಯಮ ಇದು.

ಮಲೆನಾಡಲ್ಲಿ ಹಿಂದೆ ಮಳೆಗಾಲ ಅಂದ್ರೆ ತಲೆ ಮೇಲೆ ಕಂಬಳಿ ಕೊಪ್ಪೆ. ಕಂಬಳಿಗೆ ಬೇಕಾದ ಕುರಿ ಮೇಯೋದು ಮಾತ್ರ ಬಯಲುಸೀಮೆಯಲ್ಲಿ. ಮಳೆಯೇ ಬರದ ಸೀಮೆ, ಮಳೆ ಬಿಡದ ಸೀಮೆಗೆ ರೇನ್‌ಕೋಟು ಒದಗಿಸ್ತಿತ್ತು!

ಆಮೇಲೆ ಪ್ಲಾಸ್ಟಿಕ್ ಬಂತು. ಹಳೇ ಬಟ್ಟೆಯ ನೂಲಿಂದ ಮಾಡಿದ ಪಾಣಿಪತ್‌ನ ಅಗ್ಗದ ಹೊದಿಕೆ ಬಂತು. ಉಣ್ಣೆಗಿಂತ ಮಾಂಸಕ್ಕೆ ಬೆಲೆ ಜಾಸ್ತಿಯಾಗಿ, ಕರಿ ಕುರಿಯ ಜಾಗಕ್ಕೆ ಮೈತುಂಬ ಉಣ್ಣೆ ಇಲ್ಲದ ಕುರಿ ಬಂತು. ಕೊನೆಗೆ ಮೇಯೋ ನೆಲಕ್ಕೇ ಬೇಲಿ ಬಂತು.

2008ರಿಂದ ಈಚೆಗೆ ಈ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆಯನ್ನ ಸರ್ಕಾರ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟಿತು. ಕುದಾಪುರದಲ್ಲಿ ಐಐಎಸ್ಸಿಗೆ 1,500 ಎಕರೆ. ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ, ಒಂದು ಸೋಲಾರ್ ಯೋಜನೆಗೆ ಬೇರೆ ಬೇರೆ. ಸುತ್ತಲಿನ ಹತ್ತಾರು ಹಳ್ಳಿಗಳ ಕುರಿ–ದನ ಅಲ್ಲೇ ಮೇಯ್ತಿದ್ದವು. ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳೂ ಈ ಸೀಮೆಯ ಹುಲ್ಲನ್ನೇ ನಂಬಿದವು. ಜನ ಬೀದಿಗಿಳಿದರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಗೂ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ನಿಲ್ಲಲಿಲ್ಲ. 2017ರ ಮೇನಲ್ಲಿ ಡಿಆರ್‌ಡಿಒದ ಪರೀಕ್ಷಾ ವಲಯ ಉದ್ಘಾಟನೆ ಆಯಿತು.

ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಲೆಕ್ಕದಲ್ಲಿ ಏನು ತಪ್ಪಿತು ಅಂತ ಹೇಳ್ತಿದ್ದೀನಿ. ಮಿಲ್ಲಿಗೆ ಬೀಜ ಬರೋ ದಾರಿ ಮುಚ್ಚಿದರೆ “ಉದ್ಯಮಕ್ಕೆ ಪೆಟ್ಟು” ಅಂತೀವಿ. ಮಗ್ಗಕ್ಕೆ ಉಣ್ಣೆ ಬರೋ ಹುಲ್ಲಿನ ದಾರಿ ಮುಚ್ಚಿದರೆ ಮಾತ್ರ “ಖಾಲಿ ಜಾಗ ಬಳಕೆಗೆ ಬಂತು” ಅಂತೀವಿ. ಹುಲ್ಲು ಕಚ್ಚಾಮಾಲು ಅನ್ನೋದು ಯಾವ ಫೈಲಲ್ಲೂ ಬರಲಿಲ್ಲ.

ಎಣ್ಣೆ: ಶೇಂಗಾ ಕಟ್ಟಿದ ಪೇಟೆ

ಈಗ ಪೇಟೆ ಒಳಗೆ ಬರೋಣ. ಬೆಂಗಳೂರು ಕಡೆ ಕಡ್ಲೆಕಾಯಿ ಅಂತೀವಲ್ಲ, ಇಲ್ಲಿ ಅದು ಶೇಂಗಾ.

ಶೇಂಗಾ ಈ ನೆಲದ ಬೆಳೆಯೇ ಅಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ ಬಂದರಲ್ಲಿ ಎಣ್ಣೆ ಮಿಲ್ಲುಗಳು, ಸೋಪು ಕಾರ್ಖಾನೆಗಳು ಬೆಳೆದವು. ಅವಕ್ಕೆ ಎಣ್ಣೆಬೀಜ ಬೇಕಾಯ್ತು. ಪುದುಚೇರಿ, ಮದ್ರಾಸ್ ಕಡೆಯಿಂದ ಶೇಂಗಾ ಹಡಗು ಹತ್ತಿತು. ಬೇಡಿಕೆ ಏರಿದ ಹಾಗೆ ಬೆಳೆ ದಕ್ಷಿಣದ ಒಣ ಸೀಮೆಗಳಿಗೆಲ್ಲ ಹಬ್ಬಿತು. ಅನಂತಪುರ, ಬಳ್ಳಾರಿ, ಚಿತ್ರದುರ್ಗ. ಕೆಂಪು ಮರಳು ಮಿಶ್ರಿತ ಮಣ್ಣು, ಕಮ್ಮಿ ಮಳೆ, ಶೇಂಗಾಗೆ ಒಗ್ಗಿತು.

1940ರಲ್ಲಿ ತಮಿಳುನಾಡಿನ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಟಿಎಂವಿ–2 ಅನ್ನೋ ತಳಿ ಬಂತು. ಪುಟ್ಟ ಗಿಡ, ಸುಮಾರು ನೂರು–ನೂರಹತ್ತು ದಿನದ ಬೆಳೆ. ಆಮೇಲೆ ಎಷ್ಟೋ ಹೊಸ ತಳಿ ಬಂದರೂ ಈ ಸೀಮೆಯ ರೈತರು ಬಹುಕಾಲ ಅದನ್ನ ಬಿಡಲಿಲ್ಲ. ಅಜ್ಜ ಬಿತ್ತಿದ ತಳಿಯನ್ನೇ ಮೊಮ್ಮಗನೂ ಬಿತ್ತಿದ. ಮಳೆ ಕೈಕೊಡೋ ನೆಲದಲ್ಲಿ ಹೊಸದನ್ನ ಪ್ರಯೋಗ ಮಾಡೋ ಧೈರ್ಯ ಸುಲಭ ಅಲ್ಲ.

ಊರಲ್ಲಿ ಮೊದಲು ಇದ್ದದ್ದು ಗಾಣ. ಎತ್ತು ಸುತ್ತೋದು, ಗಾಣಿಗರು ಎಣ್ಣೆ ತೆಗೆಯೋದು. ಆಮೇಲೆ ಎಕ್ಸ್‌ಪೆಲ್ಲರ್ ಯಂತ್ರ ಬಂತು, ಗಾಣದ ಜಾಗಕ್ಕೆ ಮಿಲ್ಲು ಬಂತು. ಒಂದಾದ ಮೇಲೊಂದು ಮಿಲ್ಲು ಎದ್ದು ಚಳ್ಳಕೆರೆ ‘ತೈಲನಗರಿ’ ಆಯಿತು. ಎಣ್ಣೆ–ಎಣ್ಣೆಬೀಜದ ದರ ನಿಗದಿಯಾಗ್ತಿದ್ದ ದೊಡ್ಡ ಪೇಟೆ ಬಾಂಬೆ. ಅದರ ನಂತರ ನಾವೇ ಅನ್ನೋ ಜಂಬದಲ್ಲಿ ‘ಎರಡನೇ ಬಾಂಬೆ’ ಅನ್ನೋ ಮಾತು ಹುಟ್ಟಿತು.

ಮಿಲ್ಲು ಅಂದ್ರೆ ಎಣ್ಣೆ ಡಬ್ಬ ಮಾತ್ರ ಅಲ್ಲ. ಹೊಲದಿಂದ ಕಾಯಿ ಮೂಟೆಯಲ್ಲಿ ಮಂಡಿಗೆ ಬರುತ್ತೆ. ದಲ್ಲಾಳಿ ಅಂಗಡಿ ಮುಂದೆ ರಾಶಿ ಬೀಳುತ್ತೆ. ಖರೀದಿದಾರ ಒಂದು ಹಿಡಿ ಕಾಯಿ ಒಡೆದು ನೋಡ್ತಾನೆ: ಬೀಜ ತುಂಬಿದೆಯಾ, ಸುಕ್ಕಾ, ಹಸಿ ಇದೆಯಾ. ಹಮಾಲರು ತೂಗಿ, ಹೊತ್ತು, ಲಾರಿಗೆ ಹಾಕ್ತಾರೆ. ಮಿಲ್ಲಲ್ಲಿ ಯಂತ್ರ ಕಾಯಿ ಒಡೆದು ಸಿಪ್ಪೆ ಬೇರೆ ಮಾಡುತ್ತೆ. ನೂರು ಕೆಜಿ ಕಾಯಿಗೆ ಹೆಚ್ಚುಕಡಿಮೆ ಎಪ್ಪತ್ತು ಕೆಜಿ ಬೀಜ. ಬೀಜದ ತೂಕದಲ್ಲಿ ಅರ್ಧದ ಹತ್ತಿರ ಎಣ್ಣೆ. ಹೆಂಗಸರು ಸಾಲಾಗಿ ಕೂತು ಕೆಟ್ಟ ಬೀಜ ಆರಿಸ್ತಾರೆ. ಬೀಜಕ್ಕೆ ಹಬೆ ಕೊಟ್ಟು ಎಕ್ಸ್‌ಪೆಲ್ಲರಿಗೆ ಬಿಡ್ತಾರೆ. ಎಣ್ಣೆ ಡಬ್ಬಕ್ಕೆ, ಹಿಂಡಿ ದನಕ್ಕೆ, ಸಿಪ್ಪೆ ಒಲೆಗೆ. ಹಿಂಡಿಯಲ್ಲಿ ಉಳಿದ ಎಣ್ಣೆಯನ್ನೂ ಬಿಡದೆ ತೆಗೆಯೋಕೆ ಸಾಲ್ವೆಂಟ್ ಘಟಕ. ಏನೂ ವೇಸ್ಟ್ ಆಗಲ್ಲ.

ಅದರ ಸುತ್ತ ಒಂದು ಪೇಟೆಯೇ ಬೆಳೆಯಿತು. ಗೋಣಿಚೀಲದವರು, ತಗಡಿನ ಡಬ್ಬದವರು, ಲಾರಿಯವರು, ಯಂತ್ರ ರಿಪೇರಿಯವರು, ಲೆಕ್ಕ ಬರೆಯೋ ಗುಮಾಸ್ತರು, ಮಿಲ್ಲಿನ ಗೇಟಿನ ಎದುರು ಚಹಾ ಅಂಗಡಿಯವರು. ದಲ್ಲಾಳಿ ಅಂಗಡಿ ಬ್ಯಾಂಕ್ ಕೂಡ ಆಗಿತ್ತು. ಬಿತ್ತನೆ ಬೀಜಕ್ಕೆ ಸಾಲ, ಮಗಳ ಮದುವೆಗೆ ಸಾಲ, ಫಸಲು ಬಂದಾಗ ಮಾಲು ಅದೇ ಅಂಗಡಿಗೆ. ಇದರಲ್ಲಿ ನಂಬಿಕೆಯೂ ಇತ್ತು, ಹಿಡಿತವೂ ಇತ್ತು. ಹಳೇ ಪೇಟೆಯನ್ನ ಬರೀ ಚಿನ್ನದ ಕಾಲ ಅಂತ ವರ್ಣಿಸೋದು ಸರಿಯಲ್ಲ. ಸಾಲ ಕೊಟ್ಟವನೇ ಮಾಲು ಕೊಳ್ಳೋನೂ ಆದಾಗ, ದರದ ಬಗ್ಗೆ ರೈತ ಎಷ್ಟು ಗಟ್ಟಿಯಾಗಿ ಮಾತಾಡೋಕೆ ಆಗುತ್ತೆ?

ಪಾಮೊಲಿನ್ ಬಂದ ವರ್ಷ

1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಬೀಜ ತಂತ್ರಜ್ಞಾನ ಮಿಷನ್ ಶುರು ಮಾಡಿತು. ಆಮದು ನಿಲ್ಲಿಸಬೇಕು, ನಮ್ಮ ರೈತರೇ ಬೆಳೀಬೇಕು ಅನ್ನೋದು ಗುರಿ. ಹಸಿರು ಕ್ರಾಂತಿ ಥರ ಇದಕ್ಕೆ ‘ಹಳದಿ ಕ್ರಾಂತಿ’ ಅಂದರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ತನ್ನ ಕಾಲ ಮೇಲೆ ನಿಂತಿತ್ತು.

1994ರಲ್ಲಿ ಪಾಮೊಲಿನ್ ಆಮದು ಖಾಸಗಿಯವರಿಗೆ ಮುಕ್ತವಾಯಿತು. ಮುಂದಿನ ನಾಲ್ಕೈದು ವರ್ಷದಲ್ಲಿ ಆಮದು ಸುಂಕ ಇಳೀತಾ ಹೋಯಿತು. ಮಲೇಷ್ಯಾ, ಇಂಡೋನೇಷ್ಯಾದ ತಾಳೆ ಎಣ್ಣೆ ಹಡಗಿನಲ್ಲಿ ಬಂತು. ತಾಳೆ ಮರ ಒಂದು ಸಲ ನೆಟ್ಟರೆ ಇಪ್ಪತ್ತು–ಇಪ್ಪತ್ತೈದು ವರ್ಷ ಫಲ ಕೊಡುತ್ತೆ. ಅಲ್ಲಿ ಮಳೆಗೆ ಬರ ಇಲ್ಲ. ಎಕರೆಗೆ ಬರೋ ಎಣ್ಣೆ ಶೇಂಗಾಗಿಂತ ಎಷ್ಟೋ ಪಾಲು ಹೆಚ್ಚು. ಮಳೆಗೆ ಕಾಯೋ ಚಳ್ಳಕೆರೆಯ ಹೊಲ ಅದರ ಜೊತೆ ದರದಲ್ಲಿ ಹೇಗೆ ಓಡುತ್ತೆ?

ಹಾಗಂತ ಬೇರೆಯವರನ್ನಷ್ಟೇ ದೂರಬಾರದು. ಅಗ್ಗದ ಪ್ಯಾಕೆಟ್ ಎಣ್ಣೆ ಕೊಂಡವರು ನಾವೇ. ಬಡ ಮನೆಗೂ ಕೈಗೆಟುಕೋ ಎಣ್ಣೆ ಬಂದದ್ದು ಸಣ್ಣ ವಿಷಯ ಅಲ್ಲ. ಆದರೆ ಆ ಅಗ್ಗದ ಬೆಲೆ ತೆತ್ತದ್ದು ಇಂಥ ಊರುಗಳು. ಮೇಲೆ ಸಾಲು ಸಾಲು ಬರಗಾಲ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲವು ಗೋದಾಮಾದವು, ಕೆಲವು ಸೈಟಾದವು. ರೈತರು ಈರುಳ್ಳಿ, ದಾಳಿಂಬೆ, ಮೆಕ್ಕೆಜೋಳದ ಕಡೆ ತಿರುಗಿದರು. ಇವತ್ತು ದೇಶ ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ.

ಮಾರ್ಸೇಲ್‌ಗೆ ಬೀಜ ಬೇಕಾದಾಗ ಈ ಸೀಮೆಗೆ ಶೇಂಗಾ ಹಬ್ಬಿತು. ಮಲೇಷ್ಯಾದಲ್ಲಿ ಎಣ್ಣೆ ಹೆಚ್ಚಾದಾಗ ಇಲ್ಲಿ ಮಿಲ್ಲು ಮುಚ್ಚಿತು. ಎರಡೂ ಸಲ ತೀರ್ಮಾನ ಆದದ್ದು ಊರಿನ ಹೊರಗೆ.

ರೇಷ್ಮೆ: ಮೂರು ಲಾಳಿಯ ಸೀರೆ

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ತಳಕು ದಾಟಿ ಮುಂದೆ ಹೋದರೆ ಬಲಗಡೆ ಬಂಡೆಗುಡ್ಡಗಳ ನಡುವೆ ಮೊಳಕಾಲ್ಮುರು. ತಳಕು ಅಂದಾಗ ಸಾಹಿತ್ಯ ಓದೋರಿಗೆ ನೆನಪಾಗಬೇಕು. ತ.ರಾ.ಸು. ಅವರ ಹೆಸರಿನ ‘ತ’ ಅದೇ ಊರು.

ಮೊಳಕಾಲ್ಮುರು ಅಂದ್ರೆ ರೇಷ್ಮೆ ಸೀರೆ. ಒಡಲಿಗೊಂದು ಬಣ್ಣ, ಅಂಚಿಗೆ ಅದಕ್ಕೆ ಎದುರಾದ ಇನ್ನೊಂದು ಬಣ್ಣ, ಜರಿ ಬುಟ್ಟಾ, ತುಂಬಿದ ಸೆರಗು. ಅಂಚು ಅಪ್ಪಟ ಬೇರೆ ಬಣ್ಣದ್ದಾಗಿರಬೇಕಾದರೆ ಮೂರು ಲಾಳಿ ಬೇಕು. ಎಡ ಅಂಚಿಗೊಂದು, ಒಡಲಿಗೊಂದು, ಬಲ ಅಂಚಿಗೊಂದು. ಪ್ರತಿ ಸಾಲಿನಲ್ಲೂ ಅಂಚಿನ ನೂಲು ಮತ್ತು ಒಡಲಿನ ನೂಲು ಒಂದನ್ನೊಂದು ಕೈಹಿಡಿದ ಹಾಗೆ ಸುತ್ತಿಕೊಂಡು ವಾಪಸ್ ಬರಬೇಕು. ಒಂದು ಸಾಲು ತಪ್ಪಿದರೆ ಅಲ್ಲಿ ಬಿರುಕು. ಒಬ್ಬರ ಕೈಯಿಂದ ಆಗದ ಕೆಲಸ, ಪಕ್ಕದಲ್ಲಿ ಇನ್ನೊಬ್ಬರು ಬೇಕು. ಮನೆಮಂದಿಯೇ ಆ ಇನ್ನೊಬ್ಬರು.

ಕಂಬಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಂಬಳಿಗೆ ಬೇಕಾದ್ದೆಲ್ಲ ಊರಿನದ್ದು. ಸೀರೆಗೆ ಬೇಕಾದ ರೇಷ್ಮೆ ನೂಲು ರಾಮನಗರ, ಶಿಡ್ಲಘಟ್ಟದಂಥ ಪೇಟೆಗಳ ದರ ನೋಡಿ ಏರಿಳಿಯುತ್ತೆ. ಜರಿ ಅಂದ್ರೆ ಸೂರತ್. ಎಷ್ಟೋ ನೇಕಾರರು ನೂಲು–ಜರಿ ಕೊಡೋ ಮಾಲೀಕರಿಂದ ಮಜೂರಿಗೆ ನೇಯ್ತಾರೆ. ಊರಿನದ್ದು ಅಂತ ಇರೋದು ಕೈಚಳಕ ಮಾತ್ರ. ಆ ಕೈಚಳಕಕ್ಕೆ ಕಾವಲು ಹಾಕೋದು ಹೇಗೆ?

ಎರಡು ಪ್ರಯತ್ನ ಆಗಿದೆ. ಒಂದು, 1985ರ ಕೈಮಗ್ಗ ಮೀಸಲು ಕಾಯ್ದೆ. ಕೆಲವು ಬಗೆಯ ಬಟ್ಟೆ ಕೈಮಗ್ಗದಲ್ಲೇ ನೇಯಬೇಕು ಅಂತ ಅದು ಹೇಳುತ್ತೆ. ಇನ್ನೊಂದು, ಜಿಐ ಟ್ಯಾಗ್. ಮೊಳಕಾಲ್ಮುರು ಸೀರೆಗೆ ಅದು ಸಿಕ್ಕಿದೆ. ಈ ಹೆಸರಲ್ಲಿ ಬೇರೆ ಕಡೆ ನೇಯ್ದ ಸೀರೆ ಮಾರೋ ಹಾಗಿಲ್ಲ. ಕಾಗದದಲ್ಲಿ ಕಾವಲು ಗಟ್ಟಿ ಇದೆ. ಅಂಗಡಿಯಲ್ಲಿ ಮಾತ್ರ, ಅದೇ ಡಿಸೈನನ್ನ ಪವರ್‌ಲೂಮ್‌ನಲ್ಲಿ ಹೊಡೆದು ಕಡಿಮೆ ಬೆಲೆಗೆ ಮುಂದಿಟ್ಟರೆ ಫೋಟೋ ನೋಡಿ ವ್ಯತ್ಯಾಸ ಹೇಳೋದು ಕಷ್ಟ. ನೀವು ಆನ್‌ಲೈನ್‌ನಲ್ಲಿ ಕೊಳ್ಳೋರಾದರೆ ಸೀರೆ ಬಂದ ಮೇಲೆ ತಿರುಗಿಸಿ ನೋಡಿ, ಅಂಚು–ಒಡಲು ಸೇರೋ ಜಾಗದಲ್ಲಿ ಬೆರಳಾಡಿಸಿ. ಕೈಮಗ್ಗದ ಗುರುತಿನ ಚೀಟಿ ಕೇಳಿ. ಕೇಳೋ ಗ್ರಾಹಕ ಇದ್ದರೆ ಮಾತ್ರ ಆ ಚೀಟಿಗೆ ಬೆಲೆ.

ಚಪಡನ ಸಹಿ

ಇದೇ ಮೊಳಕಾಲ್ಮುರು ತಾಲ್ಲೂಕಲ್ಲಿ ಬ್ರಹ್ಮಗಿರಿ ಅಂತ ಒಂದು ಬೆಟ್ಟ ಇದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳನ್ನ ಪತ್ತೆ ಮಾಡಿದರು. ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಬರೆದ ಆಜ್ಞೆ ಅದು. ಅಂದ್ರೆ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಇಲ್ಲಿ ಒಂದು ಆಡಳಿತ ಕೇಂದ್ರ ಇತ್ತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ಮಾಡಿದಾಗ ಅದಕ್ಕೂ ಹಿಂದಿನ, ನಯ ಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು. ಮೇಲಿನ ಪದರದಲ್ಲಿ ಪುದುಚೇರಿ ಹತ್ತಿರದ ಅರಿಕಮೇಡು ಬಂದರಿನಲ್ಲಿ ಸಿಕ್ಕಂಥ ಮಡಕೆಗಳ ಚೂರು ಸಿಕ್ಕವು. ರೋಮ್ ವ್ಯಾಪಾರದ ಕಾಲದ ಮಡಕೆ. ಶೇಂಗಾ ಹಡಗು ಹತ್ತಿದ್ದೂ ಅದೇ ಕರಾವಳಿಯಿಂದ ಅಂತ ನೆನಪಿಡಿ. ಈ ಸೀಮೆ ಯಾವತ್ತೂ ಮೂಲೆಯಲ್ಲಿ ಇರಲಿಲ್ಲ.

ಆ ಶಾಸನದ ಕೊನೆಗೆ ಕೆತ್ತಿದವನ ಹೆಸರಿದೆ. ಚಪಡ. ರಾಜನ ಮಾತು ಬ್ರಾಹ್ಮಿ ಲಿಪಿಯಲ್ಲಿ. ‘ಲಿಪಿಕಾರ’ ಅನ್ನೋ ತನ್ನ ಕಸುಬಿನ ಹೆಸರನ್ನ ಮಾತ್ರ ಆತ ಖರೋಷ್ಠಿಯಲ್ಲಿ ಬರೆದ. ವಾಯವ್ಯದ ಗಾಂಧಾರ ಕಡೆಯ, ಬಲದಿಂದ ಎಡಕ್ಕೆ ಓದೋ ಲಿಪಿ ಅದು. ಇಲ್ಲಿನ ಎಷ್ಟು ಜನಕ್ಕೆ ಅದು ಓದೋಕೆ ಬರ್ತಿತ್ತೋ! ಆದರೂ ಬರೆದ. ಚಕ್ರವರ್ತಿಯ ಆಜ್ಞೆಯ ಕೆಳಗೆ, ಇದು ನನ್ನ ಕೈಕೆಲಸ ಅಂತ.

ಆ ಸಹಿ ನೋಡಿದಾಗ ನನಗೆ ಉಳಿದವರು ನೆನಪಾಗ್ತಾರೆ. ಕಂಬಳಿ ನೇಯ್ದವರ ಹೆಸರು ಕಂಬಳಿ ಮೇಲಿಲ್ಲ. ಬೀಜ ಆರಿಸಿದ ಹೆಂಗಸರ ಹೆಸರು ಎಣ್ಣೆ ಡಬ್ಬದ ಮೇಲಿಲ್ಲ. ಸೀರೆಯ ಮೇಲೆ ಅಂಗಡಿಯ ಚೀಟಿ ಇದೆ, ನೇಯ್ದವರದ್ದಿಲ್ಲ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ಜಾತ್ರೆ ನಡೆಯುತ್ತೆ. ಲಕ್ಷಗಟ್ಟಲೆ ಜನ, ಒಣಕೊಬ್ಬರಿ ಸುಡೋ ಹರಕೆ, ಮುಕ್ತಿ ಬಾವುಟದ ಹರಾಜು. ಕೆರೆ ಕಟ್ಟಿಸಿದ ಸಂತ ಅಂತ ಜನ ಅವರನ್ನ ನೆನೆಯುತ್ತಾರೆ. “ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ” ಅನ್ನೋದು ಅವರ ಹೆಸರಲ್ಲಿ ಉಳಿದ ಮಾತು. ಈ ಸೀಮೆಯ ಮೂರು ಉದ್ಯಮಗಳ ಕಥೆಗೆ ಇದಕ್ಕಿಂತ ಒಳ್ಳೆ ಅಳತೆಗೋಲು ನನಗೆ ಗೊತ್ತಿಲ್ಲ. ಮಾಡಿದವರಿಗೆ ಮಾಡಿದಷ್ಟು ಸಿಕ್ಕಿತಾ?

ಈಗ ನಾಲ್ಕನೇ ಉದ್ಯಮ ಬಂದಿದೆ, ವಿಜ್ಞಾನ. ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡ್ತಾರೆ, ಅದು ಒಳ್ಳೆ ಕೆಲಸ. ಆದರೆ ಉಣ್ಣೆ, ಎಣ್ಣೆ, ರೇಷ್ಮೆಗೆ ಊರಿನ ಹುಲ್ಲು ಬೇಕಿತ್ತು, ಊರಿನ ಬೀಜ ಬೇಕಿತ್ತು, ಊರಿನ ಕೈ ಬೇಕಿತ್ತು. ಹಾಗಾಗಿ ಚೌಕಾಶಿಗೆ ಊರಿನವರ ಕೈಯಲ್ಲಿ ಏನಾದರೂ ಇರ್ತಿತ್ತು. ಈ ನಾಲ್ಕನೆಯದಕ್ಕೆ ಇಲ್ಲಿಯವರೆಗೆ ಬೇಕಾದದ್ದು ಮುಖ್ಯವಾಗಿ ನೆಲ. ಕುದಾಪುರದ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಆ ಬೇಲಿಯೊಳಗೆ ಎಂಜಿನಿಯರ್ ಆಗಿ ಹೋಗೋ ದಿನ ಬರಬೇಕು. ಅಲ್ಲಿವರೆಗೆ ‘ಸೈನ್ಸ್ ಸಿಟಿ’ಯೂ ಕಡ ತಂದ ಹೆಸರೇ.

ನಿಮಗೊಂದು ಕೆಲಸ. ಈ ಸೀಮೆಯವರಾದರೆ, ಮಿಲ್ಲಲ್ಲಿ, ಮಂಡಿಯಲ್ಲಿ, ಮಗ್ಗದಲ್ಲಿ ದುಡಿದ ನಿಮ್ಮ ಮನೆ ಹಿರಿಯರ ಪಕ್ಕ ಕೂತು ಫೋನಲ್ಲಿ ರೆಕಾರ್ಡಿಂಗ್ ಒತ್ತಿ. ದಿನಗೂಲಿ ಎಷ್ಟಿತ್ತು, ಯಾವ ಕೆಲಸ ಕಷ್ಟ ಅನ್ನಿಸ್ತಿತ್ತು ಅಂತ ಕೇಳಿ. ಮಿಲ್ಲುಗಳ ಚಿಮಣಿ ಬಿದ್ದ ಮೇಲೆ ಉಳಿಯೋದು ಆ ದನಿ ಮಾತ್ರ. ರೆಕಾರ್ಡಿಂಗ್ ಶುರುವಾದ ಕೂಡಲೇ ಮೊದಲು ಅವರ ಹೆಸರು ಹೇಳಿಸಿ.